ಕೆಳಗಿನ ಮನೆಯ ಆಂಟಿಯ ಏಪ್ರಿಲ್

ಆಂಟಿ ತೀರಿಕೊಂಡು ಇಪ್ಪತ್ತು ದಿನವಾಯಿತು. ಅವರ ಮೆಚ್ಚಿನ ಬೇಸ್‌ಬಾಲ್ ಟೀಮು ಇನ್ನೂ ಆಡುತ್ತಲೇ ಇದೆ, ಸೋಲುತ್ತಲೂ ಇದೆ. ಮೊನ್ನೆ ಸಂಜೆ ಕೆಳಗಿನ ಮನೆಯಿಂದ ಟೀವಿ ಸದ್ದು ಕೇಳಲಿಲ್ಲವೆಂದು ನಾನೇ ನಮ್ಮ ಟೀವಿ ಹಚ್ಚಿದೆ. ಅರ್ಧ ಗಂಟೆ ನೋಡಿ ಆರಿಸಿದೆ. ನೋಡಿ ಯಾರಿಗೆ ಹೇಳಬೇಕು?

ಅವರ ಹೆಸರು ಬರೆಯುವುದಿಲ್ಲ. ನ್ಯೂಯಾರ್ಕಿನ ಹತ್ತಿರದ ನಮ್ಮ ಮೆಟುಚೆನ್ ಸಣ್ಣ ಊರು, ಗೊತ್ತಾಗುವವರಿಗೆ ಗೊತ್ತಾಗುತ್ತದೆ. ಗೊತ್ತಾದವರು ದಯವಿಟ್ಟು ಅವರ ಮಗನನ್ನು ಏನೂ ಕೇಳಬೇಡಿ. ಇದರಲ್ಲಿ ಅವನಿಗಿಂತ ನನ್ನ ಪಾಲು ದೊಡ್ಡದು.

ನಮ್ಮದು ಎರಡು ಸಂಸಾರದ ಮನೆ. ಕೆಳಗೆ ಅವರು, ಮೇಲೆ ನಾವು. ಅವರು ಉಡುಪಿ ಕಡೆಯವರು, ನಾವು ದಾವಣಗೆರೆಯವರು. ಮಗನಿಗೆ ಎಡಿಸನ್ ಕಡೆ ದೋಸೆ ಹೋಟೆಲು. ಸೊಸೆ ಬೆಳಗಿನ ರೈಲಿಗೆ ನ್ಯೂಯಾರ್ಕಿಗೆ ಹೋಗುವವಳು, ನಮ್ಮ ಮನೆಯವರೂ ಅದೇ ರೈಲಿಗೆ. ಹಗಲು ಆ ಮನೆಯಲ್ಲಿ ಉಳಿಯುತ್ತಿದ್ದವರು ನಾವಿಬ್ಬರೇ ಹೆಂಗಸರು. ಒಂಬತ್ತು ವರ್ಷ ಹಾಗೆ ಕಳೆದೆವು.

ಬಂದ ಹೊಸತರಲ್ಲಿ ನಾನು ಸಂಜೆ ಪೂಜೆಗೆ ಕೂತರೆ ನೆಲದ ಕೆಳಗಿನಿಂದ ಗಂಡಸರ ಕೂಗಾಟ ಕೇಳುತ್ತಿತ್ತು. ಅದೂ ದಿನಾ. ಒಂದು ವಾರ ತಡೆದುಕೊಂಡು, ಹಣೆಯ ವಿಭೂತಿಯಲ್ಲೇ ಇಳಿದು ಹೋಗಿ ಬಾಗಿಲು ತಟ್ಟಿದೆ. ಅದು ತೆರೆದೇ ಇತ್ತು. ಒಳಗೆ ಸೋಫಾದ ಮೇಲೆ ಒಬ್ಬ ವಯಸ್ಸಾದ ಹೆಂಗಸು. ಹತ್ತಿ ಸೀರೆ, ಮೇಲೆ ಮಗನ ಹಳೇ ಜಾಕೆಟ್ಟು, ತಲೆಗೆ ಬೇಸ್‌ಬಾಲ್ ಟೀಮಿನ ಟೋಪಿ, ತೊಡೆಯ ಮೇಲೆ ಉದ್ದನೆಯ ನೋಟ್‌ಬುಕ್ಕು. ತಿರುಗಿ ನೋಡದೆ ಕೈ ಎತ್ತಿ ನನ್ನನ್ನು ತಡೆದರು.

"ಈಗ ಎಂತದೂ ಹೇಳ್ಬೇಡಿ. ಮೂರು ಬೇಸಿನಲ್ಲೂ ಜನ ಇದ್ದಾರೆ."

ನಿಂತೆ. ಬ್ಯಾಟು ಹಿಡಿದಿದ್ದವನು ಔಟಾದ, ಸರದಿ ಮುಗಿಯಿತು, ರನ್ನಿಗೆ ಕಾದು ನಿಂತಿದ್ದ ಆ ಮೂವರೂ ನಿಂತಲ್ಲಿಂದಲೇ ಮೈದಾನ ಬಿಟ್ಟು ನಡೆದರು. ಆಂಟಿ ಪೆನ್ಸಿಲಿನಲ್ಲಿ ಏನೋ ಬರೆದುಕೊಂಡು ಆಮೇಲೆ ನನ್ನ ಕಡೆ ತಿರುಗಿದರು. ಇದು ಇವರ ಯಾವಾಗಿನ ಕತೆ, ಕೂತ್ಕೊಳ್ಳಿ, ಕಾಫಿ ಉಂಟು ಅಂದರು. ಸದ್ದಿನ ವಿಷಯ ನಾನು ಎತ್ತಲೇ ಇಲ್ಲ. ಮರುದಿನದಿಂದ ಪೂಜೆಯನ್ನೇ ಒಂದು ಗಂಟೆ ಮುಂಚೆ ಮುಗಿಸತೊಡಗಿದೆ.

ನ್ಯೂಯಾರ್ಕಿಗೆ ಎರಡು ಟೀಮು. ಅದರಲ್ಲಿ ಹೆಚ್ಚು ಸೋಲುವುದು ಇವರದು. ಗೆಲ್ಲುವ ಟೀಮಿಗೆ ನಾವು ಎಂತಕ್ಕೆ ಬೇಕು, ಅದಕ್ಕೆ ಊರೇ ಉಂಟಲ್ಲ ಅನ್ನುತ್ತಿದ್ದರು. ಆ ನೋಟ್‌ಬುಕ್ಕಿನಲ್ಲಿ ಪ್ರತಿ ಆಟದ ಪ್ರತಿ ಹೊಡೆತವೂ ಇರುತ್ತಿತ್ತು. ಮೈದಾನದಲ್ಲಿ ನಿಂತ ಒಬ್ಬೊಬ್ಬನಿಗೂ ಒಂದು ನಂಬರು. ಯಾರು ಹಿಡಿದು ಯಾರಿಗೆ ಎಸೆದರು ಅನ್ನುವುದನ್ನು ಆ ನಂಬರುಗಳಲ್ಲೇ ಬರೆಯಬೇಕು. ಆಂಟಿ ಅದನ್ನು ಕನ್ನಡ ಅಂಕಿಯಲ್ಲಿ ಬರೆಯುತ್ತಿದ್ದರು, ೬-೪-೩ ಅಂತ. ಮೂರು ಸಲ ಚೆಂಡು ತಗಲಿಸಲಾಗದೆ ಔಟಾದವನಿಗೆ ಇಲ್ಲಿಯವರು ಇಂಗ್ಲಿಷಿನ ಕೆ ಹಾಕುತ್ತಾರೆ, ಇವರು ಕನ್ನಡದ ಕ ಹಾಕುತ್ತಿದ್ದರು. ಕೆಲವು ಕ ಸುತ್ತ ಒಂದು ಸೊನ್ನೆ ಇರುತ್ತಿತ್ತು. ಏಕೆಂದು ಕೇಳಿದ್ದಕ್ಕೆ, ಕೊನೆಯ ಬಾಲಿಗೆ ಬ್ಯಾಟೇ ಎತ್ತದೆ ನೋಡ್ತಾ ನಿಂತವನಿಗೆ ಅದು ಅಂದರು. "ಬೀಸಿ ಸತ್ತವನಿಗೂ ನೋಡ್ತಾ ನಿಂತು ಸತ್ತವನಿಗೂ ವ್ಯತ್ಯಾಸ ಬೇಡ್ವಾ ಮಾರಾಯ್ತಿ?"

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಮೂವತ್ತು ವರ್ಷದ ಮೇಲಾಗಿತ್ತು ಈ ದೇಶಕ್ಕೆ ಬಂದು. ಗಂಡ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು, ಇವರು ಹಿಂದಿನ ಕೋಣೆಯಲ್ಲಿ ಹಿಟ್ಟು ರುಬ್ಬುತ್ತಿದ್ದರು. ಪಾತ್ರೆ ತೊಳೆಯುವವರು, ಈರುಳ್ಳಿ ಹೆಚ್ಚುವವರು ಎಲ್ಲ ಸ್ಪ್ಯಾನಿಷ್ ಜನ. ಹಾಗಾಗಿ ಆಂಟಿಗೆ ಬಂದದ್ದು ಸ್ಪ್ಯಾನಿಷ್. ಆಟ ಮುಗಿದ ಮೇಲೆ ಡೊಮಿನಿಕನ್ ಹುಡುಗರು ಮೈಕಿನ ಮುಂದೆ ಸ್ಪ್ಯಾನಿಷಿನಲ್ಲಿ ಮಾತಾಡಿದರೆ ನನಗೆ ಅರ್ಥ ಹೇಳುತ್ತಿದ್ದರು: ಪಾಪ, ಭುಜ ನೋವಂತೆ, ತಾಯಿ ನೆನಪಾಗ್ತಾಳಂತೆ. ಇಂಗ್ಲಿಷ್ ಅಂದರೆ ಅವರಿಗೆ ಆಟದ ಇಂಗ್ಲಿಷ್ ಮಾತ್ರ. ಸೇಫ್, ಔಟ್, ವಾಕ್, ಎರರ್.

ಆ ಎರರ್ ಅನ್ನುವುದರ ಮೇಲೆ ಅವರಿಗೆ ದೊಡ್ಡ ಗೌರವ. ಕೈಗೆ ಬಂದ ಚೆಂಡು ಬಿಟ್ಟರೆ ಅಷ್ಟು ದೊಡ್ಡ ಬೋರ್ಡಿನ ಮೇಲೆ, ಸಾವಿರಾರು ಜನ ನೋಡುವ ಹಾಗೆ, ತಪ್ಪು ಒಂದು ಅಂತ ಹಾಕುತ್ತಾರೆ. ನಮ್ಮಲ್ಲಿ ಹೀಗೆ ಬರೆಯುವುದಿದ್ದರೆ ಎಷ್ಟು ಮನೆ ಉಳೀತಿತ್ತು ಅಂತ ಒಮ್ಮೆ ಅಂದಿದ್ದರು. ಯಾವ ಮನೆ ಅಂತ ನಾನು ಕೇಳಲಿಲ್ಲ.

ನಾನು ಸಣ್ಣದಕ್ಕೂ ಶಿವನನ್ನು ಕರೆಯುವವಳು. ಹಾಲು ಉಕ್ಕದಿದ್ದರೂ ನಿನ್ನ ದಯೆ ಅನ್ನುತ್ತೇನೆ. ಒಂದು ಆಟ ಸೋಲುವ ಹಂತಕ್ಕೆ ಬಂದಾಗ ಕಣ್ಣು ಮುಚ್ಚಿ ಕೈ ಮುಗಿದೆ. ಆಂಟಿ ನನ್ನ ಕೈ ಬಿಡಿಸಿದರು. "ಅದೆಲ್ಲ ಬೇಡ. ಆ ಕಡೆಯ ಹುಡುಗರಿಗೂ ಅಮ್ಮಂದಿರು ಇದ್ದಾರೆ."

ಆಟ ಮಾರ್ಚ್ ಕೊನೆಗೆ ಶುರುವಾಗುತ್ತದೆ. ಮರಗಳಲ್ಲಿ ಇನ್ನೂ ಒಂದು ಎಲೆಯೂ ಇರುವುದಿಲ್ಲ. ಹುಡುಗರು ಚಳಿಗೆ ಬಾಯಿಂದ ಹೊಗೆ ಬಿಡುತ್ತಾ ಆಡುತ್ತಾರೆ. ಅಲ್ಲಿಂದ ಬೇಸಿಗೆ ಮುಗಿಯುವವರೆಗೆ ನೂರ ಅರವತ್ತೆರಡು ಆಟ. ಅದಕ್ಕೇ ಶುರುವಿನ ಸೋಲಿಗೆ ಆಂಟಿ ಅಳುತ್ತಿರಲಿಲ್ಲ. ನಾನು ಮುಖ ಸಪ್ಪಗೆ ಮಾಡಿದರೆ, "ಇನ್ನೂ ಏಪ್ರಿಲ್ ಅಲ್ವಾ" ಅನ್ನುತ್ತಿದ್ದರು.

ಮಗಳ ವಿಷಯಕ್ಕೂ ಅವರು ಇದೇ ಮಾತು ಹೇಳುತ್ತಿದ್ದರು.

ಮಗಳು ಇರುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ನಮ್ಮಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ. ನರ್ಸ್ ಕೆಲಸ. ನಾನು ಈ ಮನೆಗೆ ಬಂದ ಒಂಬತ್ತು ವರ್ಷದಲ್ಲಿ ಅವಳು ಒಮ್ಮೆಯೂ ಬಂದಿರಲಿಲ್ಲ. ಸ್ಕೋರು ಬರೆಯಲು ಆಂಟಿಗೆ ಕಲಿಸಿದ್ದು ಅವಳೇ ಅಂತ ತಿಳಿದದ್ದೂ ಬಹಳ ತಡವಾಗಿ. ಒಂದು ದಿನ ಬಸಳೆ ಸೋಸುತ್ತಾ ತಾನಾಗೇ ಹೇಳಿದರು. ಹನ್ನೆರಡು ವರ್ಷದ ಹಿಂದೆ ಗಂಡ ಊರಿಗೆ ಹೋದವರು ಅಲ್ಲೇ ಮಲಗಿಬಿಟ್ಟರು. ಇವರೂ ಮಗನೂ ಹೋದರು. ಉಳಿಯುವುದಿಲ್ಲ ಅಂತ ಮೊದಲ ದಿನವೇ ಗೊತ್ತಾಯಿತು. ಇಲ್ಲಿ ಮಗಳಿಗೆ ನರ್ಸಿಂಗ್ ಪರೀಕ್ಷೆ. ಅವಳು ದಿನಾ ಫೋನ್ ಮಾಡುತ್ತಿದ್ದಳು. ಅಪ್ಪನಿಗೆ ಬರೀ ಗ್ಯಾಸು, ನೀನು ಓದು ಅಂತ ಇವರು ಮೂರು ವಾರ ಹೇಳಿದರು. ಪರೀಕ್ಷೆ ಬರೆದು ಹೊರಗೆ ಬಂದ ಹುಡುಗಿಗೆ ಅಪ್ಪ ಹೋಗಿ ಎರಡು ದಿನವಾಗಿದೆ ಅನ್ನುವುದನ್ನು ಅಣ್ಣ ಫೋನಿನಲ್ಲಿ ತಿಳಿಸಿದ.

"ಅವಳ ಒಳ್ಳೇದಕ್ಕೆ ಅಂತಲೇ ಮಾಡಿದ್ದು," ಅಂದರು ಆಂಟಿ. ದಂಟನ್ನು ಒಂದೇ ಅಳತೆಗೆ ಮುರಿಯುತ್ತಾ ಹೋದರು. "ಪಾಸೂ ಆದ್ಳು."

ನೀವೇ ಒಮ್ಮೆ ಫೋನ್ ಮಾಡಿ ಆಂಟಿ ಅಂದೆ. ಸಣ್ಣವಳು ಅವಳು, ಅವಳೇ ಮಾಡಲಿ ಅಂದರು. ಇನ್ನೂ ಏಪ್ರಿಲ್ ಅಲ್ವಾ ಅಂದರು. ಆಗ ಅಕ್ಟೋಬರು.

ಈ ವರ್ಷ ಯುಗಾದಿ ಹೊತ್ತಿಗೆ ಅವರ ಊಟ ಇಳಿಯಿತು. ಬೆನ್ನಿಗೆ ಇರಿದಂತೆ ನೋವು. ಕಣ್ಣು ಹಳದಿ. ಟೀಮು ಹೊರ ಊರುಗಳಲ್ಲಿ ಮೊದಲ ಆಟಗಳನ್ನು ಸೋಲುತ್ತಿತ್ತು. ಇವರು ಹೊಟ್ಟೆಗೆ ಬಿಸಿನೀರಿನ ಚೀಲ ಒತ್ತಿಕೊಂಡು ಬರೆಯುತ್ತಿದ್ದರು. ಸ್ಕ್ಯಾನ್ ಆಯಿತು. ರಿಪೋರ್ಟನ್ನು ಮಗ ಫೋನಿನಲ್ಲೇ ನೋಡಿಕೊಂಡ. ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವಳು ನಾನು, ಅವನಿಗೆ ಹೋಟೆಲು ಬಿಡಲು ಆಗುತ್ತಿರಲಿಲ್ಲ. ಬೆಳಿಗ್ಗೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದ.

"ಅಕ್ಕಾ, ಅವರು ಏನೇ ಹೇಳಲಿ, ಅಮ್ಮನಿಗೆ ಹೇಳ್ಬೇಡಿ. ಕುಸಿದು ಹೋಗ್ತಾರೆ ಅವರು. ಇರುವಷ್ಟು ದಿನ ನೆಮ್ಮದಿಯಿಂದ ಇರಲಿ."

ನಲವತ್ತೈದು ದಾಟಿದ ಗಂಡಸು, ತೋಳಿಗೆ ಕಣ್ಣು ಒರೆಸಿಕೊಂಡ. ಆಯ್ತಪ್ಪ ಅಂದೆ. ನಮ್ಮ ಮನೆಯಲ್ಲಿ ನಮ್ಮ ಅವ್ವನಿಗೂ ನಾವು ಹಾಗೇ ಮಾಡಿದ್ದೆವು. ಅದು ತಪ್ಪು ಅಂತ ನನಗೆ ಅನ್ನಿಸಲೇ ಇಲ್ಲ.

ಆಸ್ಪತ್ರೆಯಲ್ಲಿ ಭಾಷೆ ಬಾರದವರಿಗೆ ಫೋನಿನಲ್ಲಿ ಕನ್ನಡದವರನ್ನು ಕೊಡುತ್ತೇವೆ ಅಂದರು. ಗುರುತಿಲ್ಲದವರು ಯಾಕೆ, ಇವಳಿದ್ದಾಳಲ್ಲ ಅಂತ ಆಂಟಿ ನನ್ನನ್ನು ತೋರಿಸಿದರು. ಡಾಕ್ಟರು ಅವರ ಮುಖವನ್ನೇ ನೋಡುತ್ತಾ ನಿಧಾನವಾಗಿ ಮಾತಾಡಿದರು. ಮೇದೋಜೀರಕದಲ್ಲಿ ಕ್ಯಾನ್ಸರ್, ಲಿವರಿಗೂ ಹರಡಿದೆ, ಮಾಡಲು ಹೆಚ್ಚೇನೂ ಉಳಿದಿಲ್ಲ, ತಿಂಗಳಲ್ಲ, ವಾರಗಳ ಲೆಕ್ಕ. ನೋವು ತಡೆಯಲು ಎಲ್ಲ ಮಾಡುತ್ತೇವೆ. ಅವರು ನಿಲ್ಲಿಸಿದ ಮೇಲೆ ನಾನು ಆಂಟಿಗೆ, ಒಂದು ಸಣ್ಣ ಗಡ್ಡೆಯಂತೆ, ಔಷಧಿ ಕೊಡ್ತಾರಂತೆ, ಸ್ವಲ್ಪ ದಿನ ಸುಸ್ತು ಇರುತ್ತಂತೆ ಅಂದೆ. ಅಷ್ಟುದ್ದದ ಮಾತಿಗೆ ಇಷ್ಟೇ ಕನ್ನಡವೇ ಅಂತ ಡಾಕ್ಟರು ನನ್ನನ್ನು ನೋಡಿದರು.

ಆಂಟಿ ಸೆರಗು ಸರಿ ಮಾಡಿಕೊಂಡರು. "ಯಾರನ್ನಾದ್ರೂ ಕರೆಸ್ಬೇಕಾ, ಕೇಳು."

ಆ ಪ್ರಶ್ನೆಯನ್ನು ನಾನು ಇಂಗ್ಲಿಷಿಗೆ ಮಾಡಲಿಲ್ಲ. ಮಾಡಿದ್ದರೆ ಡಾಕ್ಟರು ಹೌದು ಅನ್ನುತ್ತಿದ್ದರು. ಅವರ ಕಡೆ ತಿರುಗಿ ಊಟದ ಬಗ್ಗೆ ಏನೋ ಕೇಳಿದೆ, ಅವರು ಏನೋ ಹೇಳಿದರು. ನಾನು ಆಂಟಿಗೆ, "ಬೇಡವಂತೆ" ಅಂದೆ.

ಮರುದಿನ ನಮ್ಮ ಮೈದಾನದಲ್ಲಿ ವರ್ಷದ ಮೊದಲ ಆಟ. ಆಂಟಿ ಟೋಪಿ ಹಾಕಿ ಕೂತರು. ನಾಲ್ಕನೆಯ ಸರದಿಗೆ ಪೆನ್ಸಿಲು ಜಾರಿತು. ಅಲ್ಲಿಂದ ಮುಂದೆ ದಿನವೂ ಸ್ವಲ್ಪ ಸ್ವಲ್ಪ ಬೇಗ ಜಾರುತ್ತಿತ್ತು. ಔಷಧಿಯ ಮಂಪರು. ನೀನು ನೋಡಿ ಹೇಳು ಮಾರಾಯ್ತಿ ಅನ್ನುತ್ತಿದ್ದರು. ನಾನು ನೋಡುತ್ತಿದ್ದೆ, ಅರ್ಧ ಅರ್ಥವಾಗುತ್ತಿತ್ತು. ಎದ್ದ ಕೂಡಲೇ ಅವರು ಕೇಳುವುದು ಎಷ್ಟು ಅಂತ. ಸೋತೆವು ಅಂದರೆ ಹೂಂ ಅಂದು ಮಗ್ಗುಲಾಗುತ್ತಿದ್ದರು. ಬೇಸರ ಮಾಡಿಕೊಂಡಂತೆ ಕಾಣುತ್ತಿರಲಿಲ್ಲ. ನನಗೇ ಸಂಕಟ. ಸಾಯುವ ಮನುಷ್ಯರ ಕಿವಿಗೆ ದಿನವೂ ಸೋಲು ಹಾಕುವುದು ಹೇಗೆ? ರಾತ್ರಿ ಮಲಗುವಾಗ ಎಣಿಸುತ್ತಿದ್ದೆ, ಇವತ್ತು ವಾಂತಿ ಆಗಲಿಲ್ಲ, ಎರಡು ಚಮಚ ಗಂಜಿ ಹೋಯಿತು, ನಕ್ಕರು. ಶಿವನಿಗೆ ಅಷ್ಟಕ್ಕೇ ಶರಣು. ಮಗಳ ನೆನಪು ನನಗೆ ಬರಲಿಲ್ಲ ಅಂತಲ್ಲ. ಡಾಕ್ಟರು ವಾರಗಳು ಅಂದಿದ್ದಾರೆ, ನಾಳೆ ಮಗನ ಹತ್ತಿರ ಮಾತಾಡೋಣ, ನಾಡಿದ್ದು ಮಾತಾಡೋಣ ಅಂದುಕೊಳ್ಳುತ್ತಿದ್ದೆ.

ಹನ್ನೊಂದನೆಯ ದಿನ ಮಧ್ಯಾಹ್ನದ ಆಟ, ನಮ್ಮ ಮೈದಾನದಲ್ಲೇ. ಆಂಟಿ ಎರಡನೆಯ ಸರದಿಗೇ ಮಲಗಿದರು. ಟೀಮು ಬಹಳ ಕೆಟ್ಟದಾಗಿ ಸೋತಿತು. ನಾನು ಟೀವಿ ಆರಿಸಿ ಕೂತೆ. ಐದು ಗಂಟೆಗೆ ಎದ್ದು ಕೇಳಿದರು. ಗೆದ್ದೆವು ಆಂಟಿ ಅಂದೆ.

ಅವರ ಮುಖ ಅರಳಿದ್ದು ನೋಡಿ ನನಗೆ ಧೈರ್ಯ ಬಂತು. ಸುಳ್ಳಿಗೆ ಮೈ ಕಟ್ಟಿದೆ. ಕೊನೆಯದಾದ ಒಂಬತ್ತನೆಯ ಸರದಿಯಲ್ಲಿ ಅವರದೆಲ್ಲ ಮುಗಿದಾಗ ನಾವು ಒಂದು ರನ್ನು ಮುಂದಿದ್ದೆವು, ಆಮೇಲೆ ನಮ್ಮ ಹುಡುಗರು ಬಂದು ಇನ್ನೂ ಎರಡು ಹೊಡೆದರು, ಮೂರರಿಂದ ಗೆದ್ದೆವು, ಜನ ಎದ್ದು ನಿಂತು ಕೂಗಿದರು ಅಂದೆ.

ಆಂಟಿ ನನ್ನನ್ನು ನೋಡುತ್ತಲೇ ಇದ್ದರು.

"ಆಟ ಎಲ್ಲಿ ಇವತ್ತು?"

"ಇಲ್ಲೇ ಆಂಟಿ, ನಮ್ಮಲ್ಲೇ."

"ಒಂಬತ್ತನೆಯದ್ರಲ್ಲಿ ಅವರದ್ದು ಮುಗಿದಾಗ ನಾವು ಮುಂದೆ ಇದ್ದದ್ದಾ?"

"ಹೂಂ, ಒಂದರಿಂದ."

ನಕ್ಕರು. ಹಲ್ಲಿಲ್ಲದ ಬಾಯಿಯ ಸಣ್ಣ ನಗು. "ನಮ್ಮ ಮೈದಾನದಲ್ಲಿ ನಾವು ಕೊನೆಗೆ ಆಡುದು. ಅವರದ್ದು ಮುಗಿದಾಗ ನಾವು ಮುಂದೆ ಇದ್ರೆ ನಮ್ಮ ಸರದಿ ಇಲ್ಲ. ಅಲ್ಲಿಗೇ ಆಟ ಮುಗೀತು, ಎಲ್ಲರೂ ಮನೆಗೆ ಹೋಗುದು. ಒಂಬತ್ತು ವರ್ಷ ನನ್ನ ಹತ್ರ ಕೂತೂ ಅಷ್ಟು ಗೊತ್ತಾಗ್ಲಿಲ್ವಾ ನಿನಗೆ?"

ಅವರ ನಗು ಇಳಿಯಿತು. ಏನೋ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡುವವರ ಹಾಗೆ ಸ್ವಲ್ಪ ಹೊತ್ತು ಹೊದಿಕೆಯ ಅಂಚನ್ನು ನೋಡಿದರು.

"ಡಾಕ್ಟರು ಎಂತ ಹೇಳಿದ್ದು ಅವತ್ತು?"

ಹೇಳಿದೆ. ಎಲ್ಲವನ್ನೂ ಹೇಳಿದೆ, ಡಾಕ್ಟರು ಹೇಳಿದ ಕ್ರಮದಲ್ಲೇ. ವಾರಗಳು ಅನ್ನುವ ಶಬ್ದಕ್ಕೆ ಬಂದಾಗ ಅವರ ಕೈ ಹಿಡಿಯಲು ಹೋದೆ. ಕೈ ಕೊಡಲಿಲ್ಲ. ಬೈಯಲೂ ಇಲ್ಲ. ಮಗ ಕುಸಿದು ಹೋಗುತ್ತಾರೆ ಅಂದಿದ್ದನಲ್ಲ, ಕುಸಿಯಲಿಲ್ಲ. ದಿಂಬು ಎತ್ತರ ಮಾಡು ಅಂದರು. ಫೋನ್ ಕೊಡು ಅಂದರು.

ನಂಬರನ್ನು ಅವರು ಎಲ್ಲಿಯೂ ನೋಡಲಿಲ್ಲ, ಬಾಯಿಪಾಠವಾಗಿತ್ತು. ಒಂದೊಂದೇ ಅಂಕಿ ಹೇಳಿದರು, ನಾನು ಒತ್ತಿದೆ. ಆ ಕಡೆ ಯಾರೂ ಎತ್ತಲಿಲ್ಲ. ಮೆಸೇಜ್ ಬಿಡಿ ಅಂತ ಮಗಳ ಇಂಗ್ಲಿಷ್ ದನಿ ಕೇಳಿತು. ಹನ್ನೆರಡು ವರ್ಷದ ಮೇಲೆ ಆ ದನಿ ಕೇಳಿದ್ದು ಅವರು. ಟೂಂ ಅಂದ ಮೇಲೆ ಫೋನನ್ನು ಬಾಯಿಯ ಹತ್ತಿರ ತಂದುಕೊಂಡರು. ಆಮೇಲೆ ತುಳುವಿನಲ್ಲಿ ಮಾತಾಡಿದರು, ಅವರ ಮನೆಮಾತು. ಒಂದು ನಿಮಿಷವೂ ಇರಲಿಕ್ಕಿಲ್ಲ. ನನಗೆ ತಿಳಿದದ್ದು ಕೊನೆಯ ಒಂದು ಶಬ್ದ. "ಬಲ." ಬಾ ಅಂತ.

ಮಗಳು ಇದ್ದದ್ದು ದೇಶದ ಆ ತುದಿಯಲ್ಲಿ, ಸಿಯಾಟಲ್‌ನಲ್ಲಿ. ಮೂರು ತಿಂಗಳಿಗೆ ಅಂತ ಅಲ್ಲಿಯ ಆಸ್ಪತ್ರೆಯ ಕೆಲಸ ಹಿಡಿದು ಮೂರು ದಿನವಾಗಿತ್ತಷ್ಟೇ. ಡ್ಯೂಟಿ ಮುಗಿಸಿ ಮೆಸೇಜ್ ಕೇಳಿದವಳು ಅಣ್ಣನಿಗೆ ಫೋನ್ ಮಾಡಿದಳು, ತನ್ನ ಬದಲಿಗೆ ಒಬ್ಬರನ್ನು ಹುಡುಕಿದಳು, ಸಿಕ್ಕಿದ ವಿಮಾನ ಹತ್ತಿದಳು. ಷಿಕಾಗೋದಲ್ಲಿ ಮಳೆಗೆ ವಿಮಾನ ನಿಂತಿತು. ಎರಡನೆಯ ದಿನ ಮಧ್ಯಾಹ್ನ ಬಾಗಿಲಿಗೆ ಬಂದಳು.

ಆಂಟಿಗೆ ಹಿಂದಿನ ಸಂಜೆಯೇ ಮಾತು ನಿಂತಿತ್ತು. ಲಿವರು ಕೈಬಿಟ್ಟರೆ ಮೊದಲು ಬುದ್ಧಿಗೆ ಮಬ್ಬು ಕವಿಯುತ್ತದಂತೆ. ಕಣ್ಣು ತೆರೆದಿದ್ದವು, ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಮಗಳು ಕೋಟು ಬಿಚ್ಚದೆ ಮಂಚದ ಪಕ್ಕ ಕೂತು ಅಮ್ಮಾ ಅಂದಳು. ಇನ್ನೊಮ್ಮೆ ಅಂದಳು. ಆಮೇಲೆ ಕೋಟು ಬಿಚ್ಚಿ, ಕೈ ತೊಳೆದು, ನರ್ಸಿನ ಹಾಗೆ ನಾಡಿ ನೋಡಿ, ತುಟಿಗೆ ಒದ್ದೆ ಹತ್ತಿ ಮುಟ್ಟಿಸಿ, ಮಗ್ಗುಲು ತಿರುಗಿಸಿದಳು. ಸಂಜೆ ಆಟ ಹಚ್ಚಿದಳು. ನೋಟ್‌ಬುಕ್ಕು ತೆರೆದು ಅಮ್ಮ ಬಿಟ್ಟಲ್ಲಿಂದ ಬರೆಯತೊಡಗಿದಳು. ಅವಳಿಗೆ ಕನ್ನಡ ಅಂಕಿ ಬಾರದು, ಇಂಗ್ಲಿಷಿನಲ್ಲೇ ಬರೆದಳು. ಒಬ್ಬೊಬ್ಬರು ಔಟಾದಾಗಲೂ ಬಗ್ಗಿ ಅಮ್ಮನ ಕಿವಿಯಲ್ಲಿ ಹೇಳುತ್ತಿದ್ದಳು. ಸೋತದ್ದನ್ನೂ ಹೇಳಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಆಂಟಿ ಹೋದರು. ನೋವಿರಲಿಲ್ಲ, ಅದೊಂದು ಪುಣ್ಯ. ಮಗಳ ಕೈಯಲ್ಲಿ ಹೋದರು, ಅದೂ ಒಂದು. ಇನ್ನೂ ಹುಡುಕಿದರೆ ಒಂದೆರಡು ಸಿಗಬಹುದು.

ಕ್ರಿಯೆಗಳೆಲ್ಲ ಮುಗಿದ ದಿನ ಅವಳು ಮೆಟ್ಟಿಲು ಹತ್ತಿ ನಮ್ಮ ಅಡುಗೆಮನೆಗೆ ಬಂದಳು. ಕಾಫಿ ಇಟ್ಟೆ. ಕೂರಲಿಲ್ಲ, ಕಟ್ಟೆಗೆ ಒರಗಿ ನಿಂತಳು. ಎಲ್ಲ ಸಡನ್ ಆಗಿ ಆಯ್ತು, ನಮಗೂ ಕೊನೆಗೇ ಗೊತ್ತಾಗಿದ್ದು ಅಂತ ಅಣ್ಣ ಹೇಳ್ತಾನೆ ಅಂದಳು. ನಾನೂ ಹೌದಮ್ಮಾ ಅಂದುಬಿಡಬಹುದಿತ್ತು. ಕೆಳಗೆ ಆ ಮಗನೂ ಅಳುತ್ತಿದ್ದ.

"ಅಕ್ಕಾ, ಡಾಕ್ಟರ್ ಎಕ್ಸ್ಯಾಕ್ಟ್ಲೀ ಯಾವತ್ತು ಹೇಳಿದ್ದು?"

ನಮ್ಮ ಮೈದಾನದ ಮೊದಲ ಆಟದ ಹಿಂದಿನ ದಿನ ಅಂದೆ. ಅವರು ನಿನಗೆ ಫೋನ್ ಮಾಡುವುದಕ್ಕೆ ಹನ್ನೊಂದು ದಿನ ಮೊದಲು. ಯಾರನ್ನಾದರೂ ಕರೆಸಬೇಕಾ ಕೇಳು ಅಂದಿದ್ದರು. ಬೇಡವಂತೆ ಅಂದವಳು ನಾನು, ನಿನ್ನ ಅಣ್ಣನಲ್ಲ, ಡಾಕ್ಟರೂ ಅಲ್ಲ.

ಅವಳು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದರೊಳಗೇ ನೋಡುತ್ತಿದ್ದಳು. ಬೈಯುತ್ತಾಳೆ ಅಂತ ನಿಂತೆ.

"ಆಗ ನಾನು ಮನೆಯಲ್ಲೇ ಇದ್ದೆ ಅಕ್ಕಾ, ಕ್ವೀನ್ಸ್‌ನಲ್ಲೇ. ಹಳೇ ಕಾಂಟ್ರ್ಯಾಕ್ಟ್ ಮುಗಿದು ಹೊಸದು ಶುರು ಆಗೋ ತನಕ ರಜ. ಏನೂ ಕೆಲಸ ಇರ್ಲಿಲ್ಲ," ಅಂದಳು. "ಎಲ್ಲಾ ಮ್ಯಾಚೂ ನೋಡ್ತಾ ಕೂತಿದ್ದೆ."